ಸ್ಲಾವ್ ಸಾಹಿತ್ಯಗಳ ವಾಸ್ತವತಾ ಮಾರ್ಗ ಮತ್ತು ದುರ್ಗದ ಕಾದಂಬರಿ

'ವಾಸ್ತವತೆ' ಎಂಬ ಮಾತು ನಮ್ಮ ಸಾಹಿತ್ಯ ಚರ್ಚೆಯಲ್ಲಿ ಬಹು ಅಗ್ಗವಾಗಿ ಬಳಕೆಯಾಗುತ್ತಿದೆ. ಕಾದಂಬರಿಯೊಂದರಲ್ಲಿ ಬಡತನದ ಚಿತ್ರವಿದ್ದರೆ ಅದು ವಾಸ್ತವ, ಬೈಗುಳವಿದ್ದರೆ ಇನ್ನಷ್ಟು ವಾಸ್ತವ, ವೇಶ್ಯೆಯ ಪಾತ್ರವೊಂದು ಬಂದುಬಿಟ್ಟರಂತೂ ಪೂರ್ಣ ವಾಸ್ತವ ಎಂಬಂತಾಗಿದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಶಾಲೆಗಳಲ್ಲಿ ಮೂರು ದಶಕಗಳಿಗೂ ಮಿಗಿಲಾಗಿ ಕನ್ನಡ ಬೋಧಿಸಿದವನು ನಾನು. ನಮ್ಮ ಜಿಲ್ಲೆಯ ಹೆಮ್ಮೆಯಾದ ತ.ರಾ.ಸುಬ್ಬರಾಯರನ್ನು ಕುರಿತು ವಿದ್ಯಾರ್ಥಿಗಳು ಬರೆಯುತ್ತಿದ್ದ ಟಿಪ್ಪಣಿಗಳಲ್ಲಿ 'ಇವರು ರಷ್ಯದ ಪ್ರಭಾವಕ್ಕೆ ಒಳಗಾದ ವಾಸ್ತವವಾದಿಗಳು' ಎಂಬ ವಾಕ್ಯವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆ ರಷ್ಯ ಯಾವುದು, ಅಲ್ಲಿಂದ ಬಂದುದು ಏನು ಎಂದು ಕೇಳಿದರೆ ಉತ್ತರವಿರುತ್ತಿರಲಿಲ್ಲ. ವಿದ್ಯಾರ್ಥಿಗಳನ್ನೇಕೆ ದೂಷಿಸಬೇಕು? ಅವರಿಗೆ ಆ ವಾಕ್ಯವನ್ನು ಹೇಳಿಕೊಟ್ಟವರು ನಾವೇ.

ಇನ್ನೊಂದು ಕಡೆ, ಶರಣಸಾಹಿತ್ಯದಲ್ಲಿ ನಿಷ್ಠೆಯುಳ್ಳ ಹಿರಿಯ ಸ್ನೇಹಿತರೊಬ್ಬರು ನನ್ನನ್ನು ನೇರವಾಗಿ ಕೇಳಿದ್ದುಂಟು: "ಮೇಷ್ಟ್ರೇ, ದೇವರೇ ಇಲ್ಲದ ಈ ಕಥೆಗಳನ್ನು ಭಕ್ತನಾದವನು ಏತಕ್ಕಾಗಿ ಓದಬೇಕು?" ಆ ಪ್ರಶ್ನೆ ಹಗುರವಾದುದಲ್ಲ. ಪ್ರಸ್ತುತ ಲೇಖನವನ್ನು ಬರೆಯುವಾಗ ಅದು ನನ್ನ ಬೆನ್ನ ಹಿಂದೆಯೇ ನಿಂತಿದೆ.

ಮೊದಲು ಮಾರ್ಗದ ಹುಟ್ಟನ್ನು ನೋಡೋಣ. ಸ್ಲಾವ್ ಎಂಬುದು ಒಂದು ಭಾಷಾಕುಟುಂಬ. ನಮ್ಮಲ್ಲಿ ದ್ರಾವಿಡ ಇದ್ದಂತೆ. ರಷ್ಯನ್, ಉಕ್ರೇನಿಯನ್, ಪೋಲಿಷ್, ಚೆಕ್, ಸರ್ಬಿಯನ್, ಬಲ್ಗೇರಿಯನ್ ಮೊದಲಾದ ಭಾಷೆಗಳು ಇದಕ್ಕೆ ಸೇರುತ್ತವೆ. ಹತ್ತೊಂಬತ್ತನೆಯ ಶತಮಾನದ ನಡುವಣ ದಶಕಗಳಲ್ಲಿ ಈ ಭಾಷೆಗಳಲ್ಲೆಲ್ಲ ಒಂದರ ಹಿಂದೊಂದರಂತೆ ವಾಸ್ತವತಾ ಮಾರ್ಗ ತಲೆದೋರಿತು. ರಷ್ಯದಲ್ಲಿ ಅದಕ್ಕೆ ಮೊದಲು ಬಿದ್ದ ಹೆಸರು 'ನೈಸರ್ಗಿಕ ಪಂಥ' ಎಂದು. 1846ರಲ್ಲಿ ಬುಲ್ಗಾರಿನ್ ಎಂಬ ಪತ್ರಿಕಾಕರ್ತನು ಹೀಯಾಳಿಸಲೆಂದು ಇಟ್ಟ ಹೆಸರನ್ನು ವಿಮರ್ಶಕ ಬೆಲಿನ್‌ಸ್ಕಿ ತಲೆಯ ಮೇಲೆ ಹೊತ್ತು ಮೆರೆಸಿದನು. ಅಲ್ಲಿ ಸಭೆ ಸೇರಿ ರಾಜ್ಯದ ವಿಚಾರ ಮಾತನಾಡುವಂತಿರಲಿಲ್ಲ. ಪತ್ರಿಕೆಗಳ ಮೇಲೆ ಸೆನ್ಸಾರ್ ಅಧಿಕಾರಿಗಳ ಕಣ್ಣು. ಆದುದರಿಂದ ಜೀತ, ನ್ಯಾಯ, ಅಧಿಕಾರಿಗಳ ಲಂಚ ಮುಂತಾದ ವಿಚಾರಗಳೆಲ್ಲ ಕಥೆಯ ವೇಷ ತೊಟ್ಟು ದಪ್ಪ ಮಾಸಪತ್ರಿಕೆಗಳೊಳಗೆ ನುಸುಳಿದವು. 1847ರಲ್ಲಿ ಬೆಲಿನ್‌ಸ್ಕಿ ಗೊಗೋಲನಿಗೆ ಬರೆದ ಪತ್ರವೊಂದನ್ನು ಗೆಳೆಯರ ಕೂಟದಲ್ಲಿ ಗಟ್ಟಿಯಾಗಿ ಓದಿದ್ದು ದಾಸ್ತೊಯೆವ್‌ಸ್ಕಿಯ ಮೇಲಿದ್ದ ಮುಖ್ಯ ಆರೋಪಗಳಲ್ಲೊಂದು. 1849ರಲ್ಲಿ ಅವನಿಗೆ ಮರಣದಂಡನೆ ವಿಧಿಸಿ, ವಧಾಸ್ಥಾನದವರೆಗೂ ಕರೆದೊಯ್ದು, ಕೊನೆಯ ಗಳಿಗೆಯಲ್ಲಿ ಅದನ್ನು ಸೈಬೀರಿಯದ ಕಠಿಣ ಸಜೆಗೆ ಇಳಿಸಿದರು. ಸಾಹಿತ್ಯಕ್ಕೆ ಅಷ್ಟು ಬೆಲೆ ತೆರಬೇಕಾಗಿದ್ದ ನಾಡು ಅದು.

ಗೊಗೋಲನ 'ಮೇಲಂಗಿ' ಎಂಬ ಕಥೆ ಪ್ರಕಟವಾದುದು 1842ರಲ್ಲಿ. ಇದನ್ನು ಕೊಂಚ ವಿಸ್ತಾರವಾಗಿ ಹೇಳಬೇಕು. ಪೀಟರ್ಸ್‌ಬರ್ಗಿನ ಕಚೇರಿಯೊಂದರಲ್ಲಿ ಅಕಾಕಿ ಎಂಬ ನಕಲು ಗುಮಾಸ್ತ. ಅವನ ಮೇಲಂಗಿ ಜಾಳುಜಾಳಾಗಿದೆ; ದರ್ಜಿ ಇನ್ನು ತೇಪೆ ಹಾಕಲಾರೆನೆನ್ನುತ್ತಾನೆ. ಹೊಸದಕ್ಕೆ ಹಣವೆಲ್ಲಿ? ಅಕಾಕಿ ಸಂಜೆಯ ಚಹಾ ಬಿಡುತ್ತಾನೆ, ಮೇಣದಬತ್ತಿ ಹಚ್ಚುವುದನ್ನು ಬಿಡುತ್ತಾನೆ, ಬೂಟಿನ ಅಟ್ಟೆ ಸವೆಯಬಾರದೆಂದು ಕಲ್ಲುಹಾಸಿನ ಮೇಲೆ ತುದಿಗಾಲಿನಲ್ಲಿ ನಡೆಯುತ್ತಾನೆ. ತಿಂಗಳುಗಟ್ಟಲೆ ಹೀಗೆ ಕೂಡಿಟ್ಟು ಹೊಲಿಸಿದ ಅಂಗಿ ತೊಟ್ಟ ಮೊದಲ ರಾತ್ರಿಯೇ ಕಳ್ಳರ ಪಾಲಾಗುತ್ತದೆ. ದೂರು ಹೇಳಿಕೊಳ್ಳಲು ಹೋದರೆ ದೊಡ್ಡ ಅಧಿಕಾರಿಯೊಬ್ಬ ಗದರಿಸಿ ಕಳುಹಿಸುತ್ತಾನೆ. ಅಕಾಕಿ ಜ್ವರ ಬಂದು ಸಾಯುತ್ತಾನೆ. ಆಮೇಲೆ ಅವನ ಪ್ರೇತ ಬೀದಿಯಲ್ಲಿ ನಿಂತು ಹೋಗಿಬರುವವರ ಮೇಲಂಗಿಗಳನ್ನು ಕಿತ್ತುಕೊಳ್ಳುತ್ತದೆ! ವಾಸ್ತವತೆಯ ಮೂಲಪುರುಷನೇ ಕಥೆಯ ಕೊನೆಯಲ್ಲಿ ದೆವ್ವವನ್ನು ತಂದಿದ್ದಾನೆ ಎಂಬುದನ್ನು ನಮ್ಮ ಪಠ್ಯಪುಸ್ತಕದ ಲಕ್ಷಣಕಾರರು ಗಮನಿಸಿದರೆ ಒಳ್ಳೆಯದು. ವಾಸ್ತವತೆಯ ಲಕ್ಷಣ ಅಲೌಕಿಕದ ಅಭಾವವಲ್ಲ. ತುದಿಗಾಲಿನಲ್ಲಿ ನಡೆದುದನ್ನು ಕಂಡ ಆ ಕಣ್ಣು ಅದರ ಲಕ್ಷಣ.

ಈ ಕಥೆಯನ್ನು ಒಂಬತ್ತನೆಯ ತರಗತಿಗೆ ನನ್ನ ಮಾತುಗಳಲ್ಲಿ ಹೇಳಿದಾಗ, ಮೇಲಂಗಿಯ ಮಹತ್ವ ಈ ಬಿಸಿಲುಸೀಮೆಯ ಮಕ್ಕಳಿಗೆ ಹೇಗೆ ಹಿಡಿಸಬೇಕು ಎಂಬ ಶಂಕೆ ನನಗಿತ್ತು. ಹಾಸ್ಟೆಲಿನಲ್ಲಿದ್ದ ಚಳ್ಳಕೆರೆ ಕಡೆಯ ಹುಡುಗನೊಬ್ಬ ಎದ್ದು, "ನಮ್ಮಪ್ಪನ ಕಂಬಳಿ ಇದ್ದಂಗೆ ಸಾರ್" ಎಂದ. ಕುರಿ ಕಾಯುವವನಿಗೆ ಕಂಬಳಿಯೇ ಹಾಸಿಗೆ, ಹೊದಿಕೆ, ಮಳೆಯಲ್ಲಿ ಕೊಪ್ಪೆ. ಅದು ಕಳೆದರೆ ಏನಾಗುತ್ತದೆಂಬುದನ್ನು ಆ ತರಗತಿಗೆ ನಾನು ವಿವರಿಸಬೇಕಾಗಲಿಲ್ಲ.

ತುರ್ಗೆನೆವ್ 1852ರಲ್ಲಿ 'ಬೇಟೆಗಾರನ ಚಿತ್ರಗಳು' ಎಂಬ ಸಂಕಲನ ತಂದನು. ಜಮೀನುದಾರನಾದ ಬೇಟೆಗಾರನು ಹಳ್ಳಿಹಳ್ಳಿ ಅಲೆಯುತ್ತ ಜೀತದ ರೈತರೊಡನೆ ಮಾತನಾಡುತ್ತಾನೆ, ಅಷ್ಟೆ. ಘೋಷಣೆ ಇಲ್ಲ, ಕಣ್ಣೀರಿನ ಹೊಳೆ ಇಲ್ಲ. ಓದಿ ಮುಗಿಸಿದವನಿಗೆ ಮಾತ್ರ ಇವರೂ ಮನುಷ್ಯರೆಂಬ ಅರಿವು ಬಿಡದೆ ಅಂಟಿಕೊಳ್ಳುತ್ತದೆ. 1861ರಲ್ಲಿ ಎರಡನೆಯ ಅಲೆಕ್ಸಾಂಡರ್ ಚಕ್ರವರ್ತಿ ಎರಡು ಕೋಟಿಗೂ ಮಿಕ್ಕ ಜೀತದ ರೈತರನ್ನು ಬಿಡುಗಡೆ ಮಾಡಿದನು. ಪುಸ್ತಕವೊಂದರಿಂದಲೇ ಇದಾಯಿತೆನ್ನುವುದು ಅತಿಶಯೋಕ್ತಿ. ನೆಲ ಹದಗೊಳಿಸಿದವುಗಳಲ್ಲಿ ಅದೂ ಒಂದು. ಇದಕ್ಕೂ ಮೊದಲು 1847ರಲ್ಲಿ ಗ್ರಿಗೊರೋವಿಚ್ ಎಂಬವನು ಅಂತೋನ್ ಎಂಬ ದರಿದ್ರ ರೈತನ ಕಥೆ ಬರೆದಿದ್ದನು. ತೆರಿಗೆಗಾಗಿ ತನ್ನ ಒಂದೇ ಕುದುರೆಯನ್ನು ಮಾರಲು ಸಂತೆಗೆ ಹೋಗುವ ಅಂತೋನನನ್ನು ಓದುವಾಗ ಕನ್ನಡಿಗರಾದ ನಮಗೆ ಕಾರಂತರ ಚೋಮನೂ ಅವನ ಎತ್ತುಗಳೂ ನೆನಪಾಗದಿರವು. ಒಬ್ಬನಿಗೆ ಉಳಲು ಕುದುರೆ ಉಳಿಯಲಿಲ್ಲ, ಇನ್ನೊಬ್ಬನಿಗೆ ಎತ್ತುಗಳಿದ್ದರೂ ಉಳಲು ನೆಲ ದೊರೆಯಲಿಲ್ಲ. ಕಾರಂತರು ಅದನ್ನು ನೋಡಿ ಇದನ್ನು ಬರೆದರೆಂದು ಯಾರೂ ಭ್ರಮಿಸಬಾರದು. ಒಂದೇ ಬಗೆಯ ಅನ್ಯಾಯವನ್ನು ಒಂದೇ ಬಗೆಯ ಕಣ್ಣು ಕಂಡಿದೆ.

ರಷ್ಯವನ್ನು ದಾಟಿ ಪೋಲೆಂಡಿಗೆ ಬಂದರೆ ಹವೆ ಬೇರೆ. 1795ರಿಂದ 1918ರವರೆಗೆ ಆ ಹೆಸರಿನ ಸ್ವತಂತ್ರ ರಾಜ್ಯವೇ ಇರಲಿಲ್ಲ. ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. 1863ರ ದಂಗೆ ನೆತ್ತರಿನಲ್ಲಿ ಮುಳುಗಿದ ಮೇಲೆ ಅಲ್ಲಿಯ ಲೇಖಕರು ಕತ್ತಿಯ ಕವಿತೆಗಳನ್ನು ಬದಿಗಿಟ್ಟು, ಶಾಲಾಮಾಸ್ತರ, ವೈದ್ಯ, ಅಂಗಡಿಕಾರ, ರೈತ ಇವರ ದುಡಿಮೆಯೇ ನಾಡನ್ನು ಉಳಿಸತಕ್ಕದ್ದೆಂದು ನಂಬಿದರು. ವಚನಗಳನ್ನು ಓದಿ ಬೆಳೆದ ನಮಗೆ ಇದನ್ನು 'ಕಾಯಕ' ಎಂದು ಕರೆಯುವ ಆಸೆ ಹುಟ್ಟುತ್ತದೆ. ನನಗೂ ಹುಟ್ಟಿತು. ಆದರೆ ತಡೆದುಕೊಳ್ಳಬೇಕು. ಅವರ ದುಡಿಮೆಯ ಗುರಿ ನಾಡಿನ ಉಳಿವು. ಶರಣರ ಕಾಯಕದಲ್ಲಿ ದಾಸೋಹವೂ ಲಿಂಗಾರ್ಪಣವೂ ಬಿಡಿಸಲಾಗದಂತೆ ಹೆಣೆದಿವೆ. ಹೆಸರಿನ ಸಾಮ್ಯವನ್ನು ಅರ್ಥದ ಸಾಮ್ಯವೆಂದು ತಿಳಿಯುವುದು ತೌಲನಿಕ ಅಧ್ಯಯನಕ್ಕೆ ಬಡಿದ ಹಳೆಯ ಪಿಡುಗು.

ಪೋಲಿಷ್ ವಾಸ್ತವತೆಯ ಮೇರು ಬೊಲೆಸ್ವಾವ್ ಪ್ರೂಸ್. 1890ರಲ್ಲಿ ಪುಸ್ತಕವಾಗಿ ಬಂದ ಅವನ 'ಬೊಂಬೆ' ಎಂಬ ಬೃಹತ್ ಕಾದಂಬರಿಯ ನಾಯಕ ವಾರ್ಸಾ ನಗರದ ವರ್ತಕ. ಆದರೆ ನನಗೆ ಅಚ್ಚುಮೆಚ್ಚಾದುದು 1882ರ ಅವನ ಸಣ್ಣಕಥೆ 'ಒಳಕುಪ್ಪಸ'. ತೋಳಿಲ್ಲದ ಆ ಉಡುಪಿನ ಬೆನ್ನಪಟ್ಟಿಗೆ ಬಿಗಿಮಾಡುವ ಬಕಲೊಂದಿದೆ. ತೊಟ್ಟ ಗಂಡ ಕ್ಷಯರೋಗಿ, ದಿನೇದಿನೇ ಸೊರಗುತ್ತಿದ್ದಾನೆ. ತಾನು ಇಳಿದುದು ಹೆಂಡತಿಗೆ ತಿಳಿಯದಿರಲೆಂದು ಅವನು ದಿನವೂ ಬಕಲನ್ನು ಒಂದಿಷ್ಟು ಸರಿಸಿಕೊಳ್ಳುತ್ತಾನೆ. ಇತ್ತ ಹೆಂಡತಿ, ತಾನು ಇಳಿದಿಲ್ಲವೆಂಬ ಭರವಸೆ ಗಂಡನಿಗೆ ಇರಲೆಂದು ಅವನಿಗೆ ಗೊತ್ತಾಗದ ಹಾಗೆ ಪಟ್ಟಿಯನ್ನೇ ಚಿಕ್ಕದು ಮಾಡುತ್ತಿದ್ದಾಳೆ. ಒಬ್ಬರನ್ನೊಬ್ಬರು ಪ್ರೀತಿಯಿಂದ ವಂಚಿಸಿಕೊಂಡ ಗುರುತು ಆ ಹಳೆಯ ಬಟ್ಟೆಯ ಮೇಲೆ ಉಳಿದಿದೆ. ಗೊಗೋಲನ ಅಂಗಿಯನ್ನೂ ಪ್ರೂಸನ ಕುಪ್ಪಸವನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ರಷ್ಯನ್ ವಾಸ್ತವತೆಯ ಕಟಕಿಯೂ ಪೋಲಿಷ್ ವಾಸ್ತವತೆಯ ಮಾರ್ದವವೂ ಬೇರೆ ಪಾಠವಿಲ್ಲದೆ ತಿಳಿದಾವು. ರೈತಜೀವನವನ್ನು ನಾಲ್ಕು ಋತುಗಳಲ್ಲಿ ಚಿತ್ರಿಸಿದ ರೇಮೋಂಟನ 'ರೈತರು' ಎಂಬ ಕಾದಂಬರಿಯೂ ಪೋಲಿಷ್ ಭಾಷೆಯದೇ. ಅದರ ಕರ್ತೃವಿಗೆ 1924ರಲ್ಲಿ ನೊಬೆಲ್ ಬಹುಮಾನ ಬಂದಿತು.

ಉಳಿದ ನಾಡುಗಳನ್ನು ಬೇಗ ದಾಟುತ್ತೇನೆ. ಚೆಕ್ ಭಾಷೆಯಲ್ಲಿ ಬೊಜೆನಾ ನೆಮ್ತ್ಸೊವಾ ಎಂಬಾಕೆ 1855ರಲ್ಲಿ ಬರೆದ 'ಅಜ್ಜಿ' ಇನ್ನೂ ರಮ್ಯತೆಯ ಮಡಿಲಲ್ಲಿದ್ದರೂ ಹಳ್ಳಿಯ ಹಬ್ಬಹುಣ್ಣಿಮೆಗಳನ್ನು ನಿಷ್ಠೆಯಿಂದ ದಾಖಲಿಸಿದೆ. ಯಾನ್ ನೆರುದಾ 1878ರಲ್ಲಿ ಪ್ರಾಗ್ ನಗರದ ಒಂದೇ ಕೇರಿಯ ಕಥೆಗಳನ್ನು ಹೇಳಿದನು. ಸರ್ಬಿಯದಲ್ಲಿ ಸ್ವೆತೊಜಾರ್ ಮಾರ್ಕೊವಿಚ್ 1870ರಲ್ಲಿ ಸಾಹಿತ್ಯದಲ್ಲಿ ವಾಸ್ತವತೆ ಬೇಕೆಂದು ಪ್ರಬಂಧ ಬರೆದರೆ, ಗ್ಲಿಶಿಚ್ ಎಂಬ ಕಥೆಗಾರ ಗೊಗೋಲನನ್ನು ಅನುವಾದಿಸುತ್ತಲೇ ತನ್ನ ಕಥೆಯ ಕಸುಬನ್ನೂ ಕಲಿತನು. ಬಲ್ಗೇರಿಯದ ವಾಜೊವ್ ತುರ್ಕಿಯರ ಆಳ್ವಿಕೆಯ ವಿರುದ್ಧದ ದಂಗೆಯನ್ನು 'ನೊಗದಡಿಯಲ್ಲಿ' ಎಂಬ ಕಾದಂಬರಿಯಾಗಿಸಿದನು. ಉಕ್ರೇನಿನ ಮಾರ್ಕೊ ವೊವ್ಚೊಕ್ ಗಂಡು ಹೆಸರಿನಲ್ಲಿ ಬರೆದ ಹೆಣ್ಣುಮಗಳು. ಜೀತದ ಹೆಂಗಸರ ಬಾಯಿಂದಲೇ ಹೇಳಿಸಿದ ಆಕೆಯ ಕಥೆಗಳನ್ನು ತುರ್ಗೆನೆವನೇ ರಷ್ಯನ್ ಭಾಷೆಗೆ ತಂದನು. ಗೊಗೋಲನೂ ಹುಟ್ಟಿನಿಂದ ಉಕ್ರೇನಿನವನೇ. ಇವರಲ್ಲಿ ಬಹುಮಂದಿ ನಮ್ಮ ಓದುಗರಿಗೆ ಹೆಸರಿನಿಂದಲೂ ಅಪರಿಚಿತರು. 'ರಷ್ಯದ ಪ್ರಭಾವ' ಎಂದು ನಾವು ಬಾಯಿಪಾಠ ಮಾಡಿದುದು ಇಡೀ ಹೊಲದಲ್ಲಿ ಒಂದು ಸಾಲು ಮಾತ್ರ.

ಆ ಒಂದು ಸಾಲಾದರೂ ಕನ್ನಡಕ್ಕೆ ಬಂದದ್ದು ಹೇಗೆ? ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಬಾಗಿಲುಗಳಿಂದ. ಟಾಲ್‌ಸ್ಟಾಯ್ ನಮಗೆ ಗಾಂಧೀಜಿಯವರ ಮೂಲಕ 'ಮಹರ್ಷಿ'ಯಾಗಿ ಬಂದರು. ಮಾಸ್ತಿಯವರು ತಮ್ಮ ಕಥೆಯೊಂದರ ಹೆಸರಿನಲ್ಲೇ ಅವರನ್ನು ಹಾಗೆ ಕರೆದರು. ದೇ.ಜವರೇಗೌಡರು 'ಯುದ್ಧ ಮತ್ತು ಶಾಂತಿ', 'ಅನ್ನಾ ಕರೆನಿನಾ'ಗಳನ್ನು ಕನ್ನಡಿಸಿದರು. ಗಾರ್ಕಿ ಬಂದದ್ದು ಇನ್ನೊಂದು ಬಾಗಿಲಿನಿಂದ. 1936ರಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಪ್ರಗತಿಶೀಲ ಲೇಖಕರ ಸಮ್ಮೇಳನ ನಡೆಯಿತು. 1940ರ ದಶಕದಲ್ಲಿ ಅ.ನ.ಕೃಷ್ಣರಾಯರ ಮುಂದಾಳುತನದಲ್ಲಿ ಕನ್ನಡದ ಪ್ರಗತಿಶೀಲ ಚಳವಳಿ ರೂಪುಗೊಂಡಿತು. ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಈ ಬಳಗದವರು. ನಿರಂಜನರು ಗಾರ್ಕಿಯ 'ತಾಯಿ'ಯನ್ನು ಕನ್ನಡಕ್ಕೆ ತಂದರು. ಕಾಸರಗೋಡು ಸೀಮೆಯ ಕಯ್ಯೂರಿನ ರೈತ ಹೋರಾಟವನ್ನೂ 1943ರಲ್ಲಿ ನೇಣಿಗೇರಿದ ನಾಲ್ವರನ್ನೂ ಕುರಿತು 1955ರಲ್ಲಿ 'ಚಿರಸ್ಮರಣೆ' ಬರೆದರು. ನಾನು ವಿದ್ಯಾರ್ಥಿಯಾಗಿದ್ದಾಗ, 1970ರ ದಶಕದ ಕೊನೆಯಲ್ಲಿ, ಸೋವಿಯತ್ ಪ್ರಕಾಶನದ ಗಟ್ಟಿರಟ್ಟಿನ ಪುಸ್ತಕಗಳು ಪ್ರದರ್ಶನಗಳಲ್ಲಿ ಒಂದೆರಡು ಊಟದ ಬೆಲೆಗೆ ದೊರೆಯುತ್ತಿದ್ದವು. ನನ್ನ ಚೆಕಾವ್ ಹಾಗೆ ಕೊಂಡದ್ದು. 1991ರಲ್ಲಿ ಆ ರಾಜ್ಯವೇ ಚದುರಿಹೋಯಿತು. ನನ್ನ ಪ್ರತಿಯ ಹೊಲಿಗೆ ಮಾತ್ರ ಇನ್ನೂ ಬಿಟ್ಟಿಲ್ಲ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಗೊಗೋಲ್, ತುರ್ಗೆನೆವ್, ಚೆಕಾವ್ ಇವರದು ಇದ್ದುದನ್ನು ಇದ್ದಂತೆ ಕಂಡು ಪ್ರಶ್ನೆಯನ್ನು ಓದುಗನ ಕೈಗೆ ಕೊಡುವ ಮಾರ್ಗ. 1934ರ ಸೋವಿಯತ್ ಲೇಖಕರ ಸಮ್ಮೇಳನ ಅಧಿಕೃತಗೊಳಿಸಿದ 'ಸಮಾಜವಾದಿ ವಾಸ್ತವತೆ' ಇದ್ದುದರ ಜೊತೆಗೆ ಮುಂದೆ ಆಗಬೇಕಾದುದನ್ನೂ ತೋರಿಸಬೇಕೆಂದು ವಿಧಿಸಿತು. ನಮ್ಮ ಪ್ರಗತಿಶೀಲರು ಹೆಚ್ಚಾಗಿ ಈ ಎರಡನೆಯದರ ಬಿಸಿಯಲ್ಲಿ ಬೆಳೆದವರು. ಅವರ ಅನೇಕ ಕಾದಂಬರಿಗಳಲ್ಲಿ ಪಾತ್ರವು ಮಾತನಾಡುತ್ತಿರುವಾಗಲೇ ಹಿಂದಿನಿಂದ ಲೇಖಕರ ಭಾಷಣ ಕೇಳಿಸಲು ಇದೇ ಕಾರಣ. ಅ.ನ.ಕೃ. ಅವರ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳ ಸುತ್ತ ಅಶ್ಲೀಲತೆಯ ವಾದ ಎದ್ದಾಗ ಎರಡೂ ಪಕ್ಷದವರು ವಿಷಯವನ್ನೇ ನೋಡಿದರು, ಕಾಣುವ ಬಗೆಯನ್ನು ನೋಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ವೇಶ್ಯೆಯ ಬಾಳನ್ನು ಬರೆದುದರಿಂದ ಕೃತಿ ಕೆಡುವುದೂ ಇಲ್ಲ, ವಾಸ್ತವವಾಗುವುದೂ ಇಲ್ಲ.

ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಮಲೇಬೆನ್ನೂರಿನಲ್ಲಿ. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿಕೊಟ್ಟ ತಳುಕಿನ ವೆಂಕಣ್ಣಯ್ಯನವರೂ, ಶಿವಶರಣರ ಕಥಾಕೋಶವನ್ನು ಸಿದ್ಧಪಡಿಸಿದ ತ.ಸು.ಶಾಮರಾಯರೂ ಅದೇ ಮನೆತನದವರೆಂಬುದನ್ನು ಈ ಪತ್ರಿಕೆಯ ವಾಚಕರು ಕೃತಜ್ಞತೆಯಿಂದ ನೆನೆಯುತ್ತಾರೆ. 'ಮಸಣದ ಹೂ' ಬರೆದ ತ.ರಾ.ಸು. ಪ್ರಗತಿಶೀಲರು. ಆದರೆ 1952ರ 'ಹಂಸಗೀತೆ' ಹೊತ್ತಿಗೆ ಅವರು ಬೇರೆ ದಾರಿ ಹಿಡಿದಿದ್ದರು. ದುರ್ಗದ ಪಾಳೆಯಗಾರರ ಕೊನೆಗಾಲದ ಸಂಗೀತಗಾರನೊಬ್ಬನ ಬಾಳು ಅಲ್ಲಿದೆ. ಅವನ ಅಸೂಯೆ, ಹಟ, ಪತನ ಯಾವುದನ್ನೂ ಭಕ್ತಿಯ ಹೊದಿಕೆಯಿಂದ ಮುಚ್ಚಿಲ್ಲ. ಕೊನೆಯ ಮಹಾಕೃತಿ 'ದುರ್ಗಾಸ್ತಮಾನ' 1982ರಲ್ಲಿ ಬಂದಿತು. 1984ರಲ್ಲಿ ಅವರು ತೀರಿಕೊಂಡ ಮೇಲೆ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಬಿದ್ದು ಮದಕರಿನಾಯಕನ ಆಳ್ವಿಕೆ ಮುಗಿದ ಕಥೆ ಅದು. ಟಾಲ್‌ಸ್ಟಾಯ್ 1812ರ ಯುದ್ಧವನ್ನು ಅರ್ಧ ಶತಮಾನದ ಬಳಿಕ ಬರೆದಾಗ ಕಂಡವರು ಕೆಲವರಾದರೂ ಬದುಕಿದ್ದರು, ತ.ರಾ.ಸು. ಬರೆದದ್ದು ಇನ್ನೂರು ವರ್ಷಗಳ ಮೇಲೆ. ಅವರಿಗಿದ್ದ ಸಾಕ್ಷಿ ಬತೇರಿಗಳು, ಬುರುಜುಗಳು, ಹೊಂಡಗಳು, ಜನರ ಬಾಯಿಮಾತು. ಘೋಷಣೆಯ ವಾಸ್ತವತೆಗಿಂತ ಈ ಕಲ್ಲಿನ ವಾಸ್ತವತೆಯೇ ಅವರಿಗೆ ಒಗ್ಗಿತು ಎಂದು ನನಗೆ ತೋರುತ್ತದೆ. ಪ್ರಗತಿಶೀಲ ಕಾದಂಬರಿಗಳಿಗೆ ಮಾತ್ರ 'ವಾಸ್ತವ' ಎಂಬ ಮುದ್ರೆ ಒತ್ತಿ ಐತಿಹಾಸಿಕ ಕಾದಂಬರಿಗಳನ್ನು 'ರಮ್ಯ'ವೆಂದು ಪ್ರತ್ಯೇಕಿಸುವ ನಮ್ಮ ಪದ್ಧತಿ ಆದುದರಿಂದ ತಲೆಕೆಳಗಾದುದು.

ಇನ್ನು ಸ್ನೇಹಿತರ ಪ್ರಶ್ನೆ. ವಚನಗಳೂ ವಾಸ್ತವ ಸಾಹಿತ್ಯವೇ ಎಂದು ಹೇಳಿ ಅವರನ್ನು ಸಮಾಧಾನಪಡಿಸಬಹುದಿತ್ತು. ಸಭೆಗಳಲ್ಲಿ ಹಾಗೆ ಹೇಳುವವರಿದ್ದಾರೆ. ನಾನು ಒಪ್ಪಲಾರೆ. ಅಂಬಿಗರ ಚೌಡಯ್ಯನ ದೋಣಿ, ನುಲಿಯ ಚಂದಯ್ಯನ ಹಗ್ಗ ನಿಜವಾದ ಕಸುಬಿನಿಂದಲೇ ಬಂದವು. ಆದರೆ ವಚನದೊಳಗೆ ಬಂದೊಡನೆ ಅವು ಇನ್ನೊಂದನ್ನು ಕಾಣಿಸುವ ಸಾಧನಗಳಾಗುತ್ತವೆ. ಅಕಾಕಿಯ ಅಂಗಿ ಕೊನೆಯವರೆಗೂ ಅಂಗಿಯೇ. ಶರಣನು ತನ್ನ ಹೆಸರಿನಲ್ಲಿ, ತನ್ನ ಅಂಕಿತದಲ್ಲಿ ನಿಂತು ಸಾಕ್ಷಿ ನುಡಿಯುತ್ತಾನೆ. ವಾಸ್ತವ ಕಥೆಗಾರ ಮರೆಯಲ್ಲಿ ನಿಲ್ಲುತ್ತಾನೆ. ಹರಿಹರನ ರಗಳೆಗಳು ಇದಕ್ಕೆ ಹೆಚ್ಚು ಹತ್ತಿರ. ಅಲ್ಲಿ ಬಡ ಕಸುಬಿನವರ ದಿನಚರಿ ವಿವರವಿವರವಾಗಿದೆ. ಆದರೂ ಕಡೆಗೆ ಶಿವನು ಬಂದು ಭಕ್ತನನ್ನು ಕೈಲಾಸಕ್ಕೆ ಕರೆದೊಯ್ಯುತ್ತಾನೆ. ಚೆಕಾವನ 'ಸಂಕಟ' ಎಂಬ 1886ರ ಕಥೆಯಲ್ಲಿ ಮಗನನ್ನು ಕಳೆದುಕೊಂಡ ಗಾಡಿಕಾರ ತನ್ನ ದುಃಖ ಹೇಳಿಕೊಳ್ಳಲು ಹತ್ತಿದ ಸವಾರಿಗಳೆಲ್ಲರನ್ನೂ ಅಂಗಲಾಚುತ್ತಾನೆ. ಯಾರೂ ಕೇಳುವುದಿಲ್ಲ. ರಾತ್ರಿ ಲಾಯಕ್ಕೆ ಹೋಗಿ ತನ್ನ ಕುದುರೆಗೆ ಹೇಳಿಕೊಳ್ಳುತ್ತಾನೆ. ಶಿವನು ಬರುವುದಿಲ್ಲ. ಬರಬೇಕಾಗಿದ್ದವನು ಪಕ್ಕದ ಮನುಷ್ಯ, ಅವನೂ ಬರಲಿಲ್ಲ. ಈ ಕಥೆ ಭಕ್ತನಿಗೆ ಬೇಡವಾದುದೆಂದು ಹೇಳಲು ನನ್ನ ನಾಲಗೆ ಏಳದು.

ಈ ಮಾರ್ಗವು ಧರ್ಮಪೀಠಗಳನ್ನು ಟೀಕಿಸದೆ ಬಿಟ್ಟಿಲ್ಲವೆಂಬುದನ್ನು ಮಠದ ಪತ್ರಿಕೆಯಲ್ಲಿ ಮುಚ್ಚಿಡುವುದು ಸಲ್ಲದು. ಟಾಲ್‌ಸ್ಟಾಯ್ ದೇವರನ್ನು ನಂಬಿದವರು; ಆದರೂ 1899ರ 'ಪುನರುತ್ಥಾನ'ದಲ್ಲಿ ಸೆರೆಮನೆಯ ಪೂಜಾವಿಧಿಯನ್ನು ವ್ಯಂಗ್ಯವಾಗಿ ಚಿತ್ರಿಸಿದ್ದಾರೆ, 1901ರಲ್ಲಿ ಚರ್ಚು ಅವರನ್ನು ಹೊರಗಿಟ್ಟಿತು. ನಮ್ಮಲ್ಲಿ ಕಟ್ಟೀಮನಿಯವರು 'ಜರತಾರಿ ಜಗದ್ಗುರು' ಬರೆದರು. ಅದನ್ನು ಓದದೆಯೇ ಕೋಪಿಸಿಕೊಂಡವರನ್ನು ಬಲ್ಲೆ. ಓದಿದವರು ಕೋಪಿಸಿಕೊಳ್ಳಲಿ, ಕಾವಿಯ ಡಂಭವನ್ನು ಕಟ್ಟೀಮನಿಯವರಿಗಿಂತ ಖಾರವಾಗಿ ಖಂಡಿಸಿದವರು ಹನ್ನೆರಡನೆಯ ಶತಮಾನದಲ್ಲೇ ಇದ್ದರಲ್ಲವೇ?

ವೃತ್ತಿಯ ಕೊನೆಯ ವರ್ಷಗಳಲ್ಲಿ ನಾನು ಒಂದು ಅಭ್ಯಾಸ ಕೊಡುತ್ತಿದ್ದೆ. ಮನೆಯಲ್ಲಿರುವ ಒಂದು ವಸ್ತುವನ್ನು ಕುರಿತು ಒಂದು ಪುಟ ಬರೆಯಿರಿ. 'ಸುಂದರ', 'ದಾರುಣ' ಮುಂತಾದ ಮಾತುಗಳು ಬೇಡ. ಹಿರಿಯೂರು ಕಡೆಯ ಹುಡುಗಿಯೊಬ್ಬಳು ನೀರಿನ ಟ್ಯಾಂಕರಿಗಾಗಿ ಸಾಲಿಟ್ಟ ಕೊಡಗಳನ್ನು ಕುರಿತು ಬರೆದಳು. ಯಾವ ಕೊಡ ಯಾರದೆಂದು ತಿಳಿಯಲು ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಳೆಯ ಬಳೆ. ಅವಳ ಅಜ್ಜಿಯ ಕೊಡ ಸೋರುತ್ತಿತ್ತು; ಅದರ ತೂತಿಗೆ ಮೇಣ ಒತ್ತಿ, ಆ ಕಡೆಯನ್ನು ಒಳಮುಖವಾಗಿಟ್ಟು ಸಾಲಿನಲ್ಲಿ ನಿಲ್ಲಿಸುತ್ತಿದ್ದರಂತೆ, ನೋಡಿದವರು ಏನೆಂದಾರೋ ಎಂದು. 1933ರ ಬಳಿಕ ತುಂಬಿಯೇ ಇರದ ಅಲ್ಲಿಯ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ ನನಗೆ ಮೊದಲು ನೆನಪಾದದ್ದು ಮೇಣ ಒತ್ತಿದ ಆ ಕೊಡ. ಹಾಳೆಯನ್ನು ಹುಡುಗಿಗೆ ಹಿಂದಿರುಗಿಸಿದ್ದೆ. ಒಂದು ಪ್ರತಿ ಬರೆದಿಟ್ಟುಕೊಳ್ಳಬೇಕಾಗಿತ್ತು.